ಪ್ರತಿಗಳು ಮುಗಿದಿವೆ

ಹಚ್ಚೊಳ್ಳಿ, ಸಿರುಗುಪ್ಪ ತಾಲೂಕು
12 ಜೂನ್ 2024

ಮಾನ್ಯ ಜಯಶ್ರೀ ಮೇಡಂ ಅವರಿಗೆ ಹೊನ್ನೂರಸ್ವಾಮಿಯ ನಮಸ್ಕಾರಗಳು.

‘ನೆಟ್ಟ ಕೈ’ ಕಾದಂಬರಿಯ ನಾಲ್ಕುನೂರು ಪ್ರತಿಗಳನ್ನು ಕಟ್ಟು ಕಟ್ಟಿ, ಮುಂಜಾನೆ ಬಸ್ಸಿನ ಕಂಡಕ್ಟರ್ ಜಡೆಪ್ಪನ ಕೈಯಲ್ಲಿ ಕಳಿಸಿದ್ದೇನೆ. ಈ ಕಾಗದವೂ ಅದರಲ್ಲೇ ಇದೆ. ಪುಟ ಕಟ್ಟಿ, ಮುಖಪುಟ ಮಾಡಿಸಿ, ಅಚ್ಚು ಹಾಕಿಸಿಕೊಟ್ಟವರು ನೀವೇ ಆದ್ದರಿಂದ ಮಾರುವ ಭಾರವನ್ನೂ ನಿಮ್ಮ ತಲೆಗೇ ಕಟ್ಟುತ್ತಿದ್ದೇನೆ. ಉಳಿದವು ಮನೆಯಲ್ಲಿ ಅಟ್ಟದ ಮೇಲಿವೆ.

ಸಿರುಗುಪ್ಪದ ಬಿಡುಗಡೆ ಸಮಾರಂಭ ಚೆನ್ನಾಗಿಯೇ ಆಯಿತೆನ್ನಬೇಕು. ಅತಿಥಿಗಳು ನನ್ನ ಪುಸ್ತಕವೊಂದನ್ನು ಬಿಟ್ಟು ಮಿಕ್ಕೆಲ್ಲದರ ಬಗ್ಗೆ ಮಾತಾಡಿದರು. ಹೋಗುವಾಗ ಮಾತ್ರ ತಲೆಗೊಂದು ಪ್ರತಿ ಮರೆಯದೆ ಒಯ್ದರು.

ನಿಮಗೆ ಗೊತ್ತಿರಲಿ ಎಂದು ಒಂದು ಮಾತು. ಬರೆದವನು ನಾನು, ಕಥೆ ನನ್ನದಲ್ಲ. ನನ್ನ ಹೆಂಡತಿ ಉಚ್ಚೆಂಗೆಮ್ಮ ಭತ್ತದ ನಾಟಿ ಮಾಡುವ ಹೆಂಗಸರ ಗುಂಪು ಕಟ್ಟಿಕೊಂಡು, ಕಾಲುವೆ ನೀರು ಹರಿದಲ್ಲೆಲ್ಲ ಹೋಗಿ ದುಡಿದವಳು. ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದ್ದನ್ನೇ ನಾನು ಬರೆದದ್ದು. ಅವಳಿಗೆ ಓದು ಬರುವುದಿಲ್ಲ. ಅರ್ಪಣೆಯ ಪುಟದಲ್ಲಿ ನೀವು ಕೂಡಿಸಿದ ಅವಳ ಹೆಸರಿನ ಮೇಲೆ ಬೆರಳಿಟ್ಟು, “ಇದು ನಾನೇನು?” ಎಂದು ಕೇಳಿದಳು. ಹೌದು ಎಂದೆ. “ಇದನ್ನ ಯಾರಾರ ಓದ್ತಾರೇನು?” ಎಂದಳು. ಅದಕ್ಕೆ ಉತ್ತರ ನೀವು ಕೊಡಬೇಕು.

ಈಗ ಅವಳು ಕೆಲಸಕ್ಕೆ ಹೋಗುತ್ತಿಲ್ಲ. ಮಂಡಿನೋವು, ಸ್ವಲ್ಪ ನಿಶ್ಶಕ್ತಿ, ಮಲಗಿಯೇ ಇರುತ್ತಾಳೆ. ಪುಸ್ತಕ ಯಾರು ಕೊಂಡರು, ಏನೆಂದರು ಎಂದು ಆಗಾಗ ಬರೆಯಿರಿ, ಅವಳಿಗೆ ಓದಿ ಹೇಳುತ್ತೇನೆ. ರೈಸ್ ಮಿಲ್ಲಿನ ಸದ್ದಿನಲ್ಲಿ ಗುಮಾಸ್ತಿಕೆ ಮಾಡಿ ನನ್ನ ಕಿವಿ ಹೋಗಿವೆ, ಫೋನು ನನಗೆ ದಂಡ. ವಾಟ್ಸಪ್ಪಿನಲ್ಲಿ ಬಂದದ್ದನ್ನು ಓದಿದರೆ ಇವಳು ನಂಬುವುದಿಲ್ಲ. ಮೊಬೈಲಿನಲ್ಲಿ ದಿನಾ ಲಾಟರಿ ಹೊಡೆದಿದೆ ಎಂದು ಬರುತ್ತದಲ್ಲ, ಇದೂ ಅಂಥದ್ದೇ ಎನ್ನುತ್ತಾಳೆ. ಕಾಗದದ ಮೇಲಿದ್ದರೆ ನಂಬುತ್ತಾಳೆ.

ನಿಮ್ಮ ವಿಶ್ವಾಸಿ,
ಹೊನ್ನೂರಸ್ವಾಮಿ


ಗಾಂಧಿನಗರ, ಬಳ್ಳಾರಿ
27 ಜೂನ್ 2024

ಲೇಖಕರಾದ ಹೊನ್ನೂರಸ್ವಾಮಿಯವರಿಗೆ,

ಕಟ್ಟುಗಳು ತಲುಪಿದವು. ಒಂದು ಕಟ್ಟಿನ ಮೂಲೆ ನೆನೆದಿತ್ತು. ನಿಮ್ಮ ಜಡೆಪ್ಪನವರು ಅದನ್ನು ಯಾರದೋ ಮೊಸರಿನ ಕ್ಯಾನಿನ ಪಕ್ಕ ಇಟ್ಟಿದ್ದರಂತೆ.

ಸ್ವಾಮಿಯವರೇ, ಬೇಸರ ಮಾಡಿಕೊಳ್ಳಬೇಡಿ, ವ್ಯಾಪಾರದ ಮಾತನ್ನು ಬಿಡಿಸಿಯೇ ಹೇಳುತ್ತೇನೆ. ನೀವು ಕಾದಂಬರಿ ಬರೆದಾಗ ಲೇಖಕರು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ದಿನದಿಂದ ನೀವು ಪ್ರಕಾಶಕರು. ಪ್ರಕಾಶಕರಿಗೆ ಹೃದಯ ಇರಬಾರದು, ಗೋದಾಮು ಇರಬೇಕು. ಗ್ರಂಥಾಲಯದ ಸಗಟು ಖರೀದಿಗೆ ಅರ್ಜಿ ಹಾಕಿದ್ದೇನೆ, ಅದರ ಫಲ ಯಾವಾಗ ಬರುತ್ತದೆ ಎಂದು ಕೇಳಬೇಡಿ, ಕೇಳಿದವರಲ್ಲಿ ಕೆಲವರು ಈಗ ಇಲ್ಲ. ಬೇರೆ ಊರಿನ ಅಂಗಡಿಗಳು ನಲವತ್ತು ಪರ್ಸೆಂಟ್ ಕಮಿಷನ್ ಕೇಳುತ್ತವೆ, ಮಾರದಿದ್ದರೆ ವಾಪಸು ಕಳಿಸುವ ಖರ್ಚು ನಮ್ಮದು. ಹೆಸರಾದವರ ಮುನ್ನುಡಿ ಹಾಕಿಸಿ ಎಂದು ಆಗಲೇ ಬಡಿದುಕೊಂಡೆ, ನೀವು ಕೇಳಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಯಾರಿಗೂ ಪುಕ್ಕಟೆ ಕೊಡಬೇಡಿ. ನೆಂಟರಿಗೆ, ನೆರೆಯವರಿಗೆ, ಯಾರಿಗೂ. ನಮ್ಮ ಜನ ಒಮ್ಮೆ ಪುಕ್ಕಟೆ ಪಡೆದರೆ ಆ ಲೇಖಕನ ಪುಸ್ತಕವನ್ನು ಜನ್ಮದಲ್ಲಿ ಕೊಳ್ಳುವುದಿಲ್ಲ. ಇದೊಂದು ಮಾತನ್ನು ನಡೆಸಿಕೊಡಿ.

ಈವರೆಗೆ ಹೋದದ್ದು ಒಂದು ಪ್ರತಿ. ಅಂಗಡಿ ಬಾಗಿಲಲ್ಲಿ ನಿಂತರೆ ಕೋಟೆ ಗುಡ್ಡ ಚೆನ್ನಾಗಿ ಕಾಣುತ್ತದೆ, ಗಿರಾಕಿ ಮಾತ್ರ ಕಾಣುವುದಿಲ್ಲ.

ಜಯಶ್ರೀ


ಹಚ್ಚೊಳ್ಳಿ
9 ಜುಲೈ 2024

ಜಯಶ್ರೀ ಮೇಡಂ ಅವರಿಗೆ,

ನಿಮ್ಮ ಕಾಗದ ಬಂದಾಗ ಇವಳು ಎದ್ದು ಗೋಡೆಗೆ ಒರಗಿ ಕೂತಳು. ಇದ್ದದ್ದನ್ನು ಇದ್ದಂತೆ ಓದಿದೆ. ಮೊಸರಿನ ಕ್ಯಾನಿಗೆ ನಕ್ಕಳು. ಒಂದು ಪ್ರತಿ ಎಂದು ಓದಿದ ಮೇಲೆ ಗೋಡೆ ಕಡೆ ಹೊರಳಿ ಮಲಗಿದಳು. ಗಂಜಿಯನ್ನೂ ಮುಟ್ಟಲಿಲ್ಲ.

ಪುಸ್ತಕವನ್ನು ಅಂಗಡಿಯಲ್ಲಿ ಎಲ್ಲಿ ಇಟ್ಟಿದ್ದೀರಿ? ಮುಂದಿನ ಸಾಲಿನಲ್ಲಿ ಕಾಣುವಂತಿದೆಯೋ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಹಿಂದೆ ಸಿಕ್ಕಿಕೊಂಡಿದೆಯೋ? ಕಾಲೇಜಿನ ಮೇಷ್ಟ್ರುಗಳಿಗೆ ತೋರಿಸಿದಿರಾ? ಆ ಒಂದನ್ನು ಕೊಂಡವರು ಯಾರು, ಅವರು ಏನಾದರೂ ಹೇಳಿದರಾ? ಹೇಳದೆ ಇರಲಾರರು. ನೀವು ಕೇಳಿರಲಿಕ್ಕಿಲ್ಲ.

ಗುಂಪಿನ ಹೆಂಗಸರು ಮನೆಗೆ ಬಂದು ತಮಗೂ ಒಂದೊಂದು ಬೇಕೆಂದರು. ಕೊಡುವ ಆಸೆ ಇತ್ತು. ನಿಮ್ಮ ಮಾತಿಗೆ ಕಟ್ಟುಬಿದ್ದು ಇಲ್ಲ ಎಂದೆ. ಅವರ ಮುಖ ನೋಡಲಾಗಲಿಲ್ಲ.

ಮುಂದಿನ ಕಾಗದ ಬೇಗ ಬರಲಿ. ಮನೆಯಲ್ಲಿ ಕೇಳುತ್ತಿರುತ್ತಾರೆ.

ಹೊನ್ನೂರಸ್ವಾಮಿ


ಹಚ್ಚೊಳ್ಳಿ
29 ಜುಲೈ 2024

ಜಯಶ್ರೀ ಮೇಡಂ, ಕಾಗದ ಬರಲಿಲ್ಲ. ಜಡೆಪ್ಪನ ಬಸ್ಸು ಬಂದಾಗಲೆಲ್ಲ ಹೋಗಿ ನಿಲ್ಲುತ್ತಿದ್ದೇನೆ. ಎರಡು ಸಾಲಾದರೂ ಬರೆಯಿರಿ. ಯಾರಾದರೂ ಒಬ್ಬರು ಓದಿದ್ದಾರೆ ಎಂದಾದರೂ ಬರೆಯಿರಿ.

ಹೊನ್ನೂರಸ್ವಾಮಿ


ಗಾಂಧಿನಗರ, ಬಳ್ಳಾರಿ
5 ಆಗಸ್ಟ್ 2024

ಸ್ವಾಮಿಯವರೇ,

ಪಠ್ಯಪುಸ್ತಕದ ಸೀಸನ್, ಕೈ ಬಿಡುವಿಲ್ಲ, ಕ್ಷಮಿಸಿ.

ಸಂತೋಷದ ಸುದ್ದಿ ಇದೆ. ಪುಸ್ತಕ ಹೋಗುತ್ತಿದೆ. ಇಬ್ಬರು ಮೂವರು ಮೇಷ್ಟ್ರುಗಳು ಕೊಂಡರು. ಜೀನ್ಸ್ ಹೊಲಿಯುವ ಘಟಕದ ಹೆಣ್ಣುಮಕ್ಕಳು ಸಂಬಳದ ದಿನ ಬಂದು, ಕೂಡಿ ಒಂದು ತೆಗೆದುಕೊಂಡು ಹೋದರು. ಆಸ್ಪತ್ರೆಯ ನರ್ಸ್ ಒಬ್ಬರು ಮೊದಲು ಒಂದು ಒಯ್ದಿದ್ದರು, ಓದಿ ಮತ್ತೆ ಬಂದು, ಗೆಳತಿಯರಿಗೆಂದು ಇನ್ನೆರಡು ಕೊಂಡರು. ಕಣ್ಣಲ್ಲಿ ನೀರು ಬಂತು ಎಂದರು. ಲೆಕ್ಕವನ್ನು ವರ್ಷದ ಕೊನೆಗೆ ಒಟ್ಟಿಗೆ ಕೊಡುತ್ತೇನೆ, ಪ್ರತಿ ವಾರ ಕೇಳಬೇಡಿ.

ಮನೆಯವರಿಗೂ ತಿಳಿಸಿ. ನೀವು ನೆಮ್ಮದಿಯಿಂದ ಇರಿ.

ಜಯಶ್ರೀ


ಹಚ್ಚೊಳ್ಳಿ
14 ಆಗಸ್ಟ್ 2024

ತಂಗಿ ಜಯಶ್ರೀಗೆ,

ಇನ್ನು ಮೇಡಂ ಎನ್ನುವುದಿಲ್ಲ, ಈ ಕಾಗದ ಬರೆದ ಮೇಲೆ ನೀವು ಮನೆಯವರಾದಿರಿ. ನಾಲ್ಕು ಸಲ ಓದಿಸಿಕೊಂಡಳು. ನರ್ಸಿನ ಜಾಗ ಬಂದಾಗ “ಸಾವಕಾಶ ಓದು” ಎಂದಳು. ಅವತ್ತು ಗಂಜಿ ಬೇಡವೆಂದು ಅನ್ನ ಸಾರು ಕೇಳಿ ಉಂಡಳು. ಎಷ್ಟು ದಿನದ ಮೇಲೆ ಅನ್ನ ಉಂಡಳೋ, ನಾನು ಪಡಸಾಲೆಗೆ ಬಂದು ಕಣ್ಣು ಒರೆಸಿಕೊಂಡೆ.

ನಾಟಿ ನಡೆದಿದೆ. ಗುಂಪಿನವರು ಗದ್ದೆಗೆ ಹೋಗುವ ಟ್ರ್ಯಾಕ್ಟರನ್ನು ಮನೆ ಮುಂದೆ ನಿಲ್ಲಿಸಿಕೊಂಡು ಇವಳನ್ನು ಮಾತಾಡಿಸಿ ಹೋಗುತ್ತಾರೆ. ನರ್ಸಿನ ಸುದ್ದಿಯನ್ನು ಎಲ್ಲರಿಗೂ ಹೇಳಿದ್ದಾಳೆ.

ಈಗ ಅವಳದೊಂದೇ ಹಟ. “ಆ ನರ್ಸವ್ವಗ ಕಣ್ಣಾಗ ನೀರು ಬಂದಿದ್ದು ಯಾವ ಜಾಗದಾಗ? ಕೇಳಿ ಬರಿ ಅನ್ನು” ಎನ್ನುತ್ತಾಳೆ. ದಯವಿಟ್ಟು ಕೇಳಿ ಬರೆಯಿರಿ. ಇದು ನನ್ನ ಲೇಖಕನ ಚಪಲವಲ್ಲ.

ಹೊನ್ನೂರಸ್ವಾಮಿ


ಗಾಂಧಿನಗರ, ಬಳ್ಳಾರಿ
16 ಸೆಪ್ಟೆಂಬರ್ 2024

ಸ್ವಾಮಿಯವರೇ,

ತಡವಾಯಿತು. ನರ್ಸ್ ಮೊನ್ನೆ ಸಿಕ್ಕರು.

ಏಳನೇ ಅಧ್ಯಾಯ ಎಂದರು. ಬಸುರಿ ಹೆಂಗಸಿಗೆ ಗದ್ದೆಯಲ್ಲೇ ರಕ್ತ ಹೋಗುತ್ತದಲ್ಲ, ಗುಂಪಿನ ಹೆಂಗಸರು ಸುತ್ತ ನಿಂತು ಸೆರಗು ಹಿಡಿದು ಮರೆ ಮಾಡುತ್ತಾರಲ್ಲ, ಆ ಜಾಗ. ಅವಳು ಬದುವಿನ ಮೇಲೆ ಸ್ವಲ್ಪ ಹೊತ್ತು ಮಲಗಿ, ಎದ್ದು, ಕಾಲುವೆಯಲ್ಲಿ ಸೀರೆ ತೊಳೆದುಕೊಂಡು ಬಂದು ತನ್ನ ಸಾಲು ಮುಗಿಸುತ್ತಾಳೆ. ನರ್ಸ್ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಇಂಥಾರನ್ನ ನಾನು ದಿನಾ ನೋಡ್ತೀನ್ರಿ. ಹೆಸರು ಬರ್ಕೊಂಡು ಮುಂದಿನ ಬೆಡ್ಡಿಗೆ ಹೋಗ್ತೀನಿ. ಅವರು ಹೊಳ್ಳಿ ಮನಿಗೆ ಹೋಗಿ ಏನು ಮಾಡ್ತಾರಂತ ಒಂದಿನಾನೂ ಯೋಚನಿ ಮಾಡಿರಲಿಲ್ಲ.”

ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವಂತೆ. ಪುಸ್ತಕವನ್ನು ಪೂರ್ತಿ ಎರಡು ಸಲ ಓದಿದ್ದಾರೆ. ಅಕ್ಷರ ಜೋಡಿಸುವವರ ಕಣ್ಣು ಅಕ್ಷರ ನೋಡುತ್ತದೆ, ಮಾತು ನೋಡುವುದಿಲ್ಲ. ನಾನೂ ಈಗಲೇ ಸರಿಯಾಗಿ ಓದಿದೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಅವರದೊಂದು ಪ್ರಶ್ನೆ. ಆ ಹೆಂಗಸು ಆಮೇಲೆ ಅತ್ತಳೇ? ಪುಸ್ತಕದಲ್ಲಿ ಎಲ್ಲೂ ಇಲ್ಲ. ಉಚ್ಚೆಂಗೆಮ್ಮನವರಿಗೆ ಹೇಳಬೇಕೆನಿಸಿದರೆ ಮಾತ್ರ ಹೇಳಲಿ, ಒತ್ತಾಯ ಮಾಡಬೇಡಿ.

ಜಯಶ್ರೀ


ಹಚ್ಚೊಳ್ಳಿ
7 ಅಕ್ಟೋಬರ್ 2024

ತಂಗಿ ಜಯಶ್ರೀಗೆ,

ಪ್ರಶ್ನೆ ಓದಿ ಹೇಳಿದೆ. ಗೋಡೆಗೆ ಒರಗಿಸಿ ಕೂಡಿಸು ಎಂದಳು. ಆಮೇಲೆ ಹೇಳಿದಳು, ನಾನು ಬರೆದುಕೊಂಡೆ: “ಅಳಾಕ ಪುರಸೊತ್ತೆಲ್ಲಿತ್ತು? ಸಸಿ ಕಿತ್ತು ಇಟ್ಟಿದ್ರು, ಬಿಸಿಲಿಗೆ ಬಾಡಿ ಹೋಗ್ತಿದ್ವು. ಪೈರು ಎದ್ದ ಮ್ಯಾಗ ಒಬ್ಬಾಕಿನ ಆ ಗದ್ದಿಗೆ ಹೋದೆ. ನಾನು ನೆಟ್ಟ ಸಾಲು ಯಾವುದು ಅಂತ ಗುರ್ತು ಸಿಗಲಿಲ್ಲ, ಎಲ್ಲಾ ಒಂದೇ ಹಸಿರು. ಅವತ್ತು ಅತ್ತೆ. ಆ ನರ್ಸವ್ವಗ ಹೇಳು, ಇದನ್ನ ಈತಗೂ ಹೇಳಿಲ್ಲ ಅಂತ.”

ಈತ ಎಂದರೆ ನಾನು. ನಮಗೆ ಆಮೇಲೆ ಮಕ್ಕಳಾಗಲಿಲ್ಲ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಗಂಡನಿಗೆ ಹೇಳದ್ದನ್ನು, ಮುಖ ಕಾಣದ ನರ್ಸಿಗೆ ಹೇಳಿದಳು. ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚೋ ಗೊತ್ತಿಲ್ಲ.

ಕಳೆದ ವಾರ ಬಳ್ಳಾರಿಗೆ ಬಂದಿದ್ದೆವು, ಆಸ್ಪತ್ರೆಗೆ. ರಕ್ತ ಕಡಿಮೆ ಇದೆ, ಅಷ್ಟೇ. ನಿಮ್ಮ ಅಂಗಡಿಗೆ ಬರುವಷ್ಟು ತ್ರಾಣ ಅವಳಿಗಿರಲಿಲ್ಲ. ವಾರ್ಡಿನಲ್ಲಿ ಸೂಜಿ ಹಾಕಲು ಬಂದ ಪ್ರತಿಯೊಬ್ಬ ನರ್ಸಿನ ಕೈ ಹಿಡಿದು, “ನನ್ನ ಬುಕ್ಕು ಓದಿದಾಕಿ ನೀನೇನವ್ವ?” ಎಂದು ಕೇಳಿದಳು. ಒಬ್ಬಳು ನಕ್ಕಳು. ಒಬ್ಬಳು, ಅಜ್ಜಿಗೆ ಜ್ವರ ಏರಿದೆ ಎಂದು ಬರೆದುಕೊಂಡಳು. ಬೇರೆ ಆಸ್ಪತ್ರೆಯವಳಿರಬೇಕು ಎಂದು ನಾನೇ ಸಮಾಧಾನ ಹೇಳಿದೆ. ಆ ತಾಯಿಯ ಹೆಸರು ಮತ್ತು ಆಸ್ಪತ್ರೆ ಯಾವುದೆಂದು ತಿಳಿಸಿದರೆ, ಮುಂದಿನ ಸಲ ಬಂದಾಗ ಒಂದು ಸಲ ಭೇಟಿ ಮಾಡಿಸುತ್ತೇನೆ.

ಹೊನ್ನೂರಸ್ವಾಮಿ


ಗಾಂಧಿನಗರ, ಬಳ್ಳಾರಿ
11 ನವೆಂಬರ್ 2024

ಅಣ್ಣ,

ನರ್ಸಿಗೆ ವರ್ಗವಾಗಿದೆ, ಎಲ್ಲಿಗೆಂದು ಗೊತ್ತಾಗಲಿಲ್ಲ. ಉಚ್ಚೆಂಗೆಮ್ಮನವರ ಮಾತನ್ನು ಹೋಗುವ ಮೊದಲು ತಲುಪಿಸಿದ್ದೇನೆ. ಆ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು.

ಒಂದು ವ್ಯಾಪಾರದ ಮಾತು. ಕುರುಗೋಡಿನಿಂದ ದೊಡ್ಡ ಬೇಡಿಕೆ ಬಂದಿದೆ. ಇಲ್ಲಿರುವುದು ಸಾಲುವುದಿಲ್ಲ. ಮನೆಯಲ್ಲಿರುವ ಅಷ್ಟೂ ಪ್ರತಿಗಳನ್ನು ಜಡೆಪ್ಪನವರ ಬಸ್ಸಿಗೆ ಹಾಕಿ, ಈ ವಾರವೇ ಬೇಕು. ಇದಾದರೆ ಮೊದಲ ಮುದ್ರಣ ಪೂರ್ತಿ ಮುಗಿಯುತ್ತದೆ. ಹೊಸ ಲೇಖಕರಿಗೆ ಇಂಥ ಯೋಗ ನಾನು ಕಂಡಿಲ್ಲ.

ಉಚ್ಚೆಂಗೆಮ್ಮನವರ ಆರೋಗ್ಯ ಹೇಗಿದೆ? ನಿಜ ಬರೆಯಿರಿ.

ಜಯಶ್ರೀ


ಹಚ್ಚೊಳ್ಳಿ
14 ನವೆಂಬರ್ 2024

ತಂಗಿ ಜಯಶ್ರೀಗೆ,

ಆರೋಗ್ಯ ಪರವಾಗಿಲ್ಲ.

ಅಟ್ಟದ ಮೇಲಿದ್ದ ಅಷ್ಟನ್ನೂ ಇಳಿಸಿ ಕಳಿಸಿದ್ದೇನೆ. ಧೂಳು ಝಾಡಿಸುತ್ತಿದ್ದಾಗ ಇವಳು ಮಲಗಿದಲ್ಲಿಂದಲೇ, “ಪೂರಾ ಕಳ್ಸು, ಜಿಪುಣತನ ಮಾಡಬ್ಯಾಡ” ಎಂದು ಕೂಗಿದಳು. ತಲೆದಿಂಬಿನ ಪಕ್ಕ ತನ್ನದೊಂದು ಪ್ರತಿ ಇಟ್ಟುಕೊಂಡಿದ್ದಳು. ಅದನ್ನೂ ತೆಗೆದು ಕೈಗಿಟ್ಟಳು. ಇದು ನಿನಗಿರಲಿ ಎಂದೆ. “ಓದಾಕ ಬರದಾಕಿ ಹತ್ರ ಇದ್ದು ಏನು ಮಾಡ್ತೈತಿ? ಓದೋರ ಮನಿಗೆ ಹೋಗ್ಲಿ” ಎಂದು ಗದರಿದಳು. ಅದೂ ಕಟ್ಟಿನಲ್ಲಿದೆ.

ಮನೆಯಲ್ಲಿ ಒಂದೂ ಉಳಿದಿಲ್ಲ ಎಂದಾಗ ಅವಳ ಮುಖ ನೀವು ನೋಡಬೇಕಿತ್ತು. ಕುರುಗೋಡಿನವರು ಏನು ಹೇಳಿದರೆಂದು ಬರೆಯಿರಿ.

ಹೊನ್ನೂರಸ್ವಾಮಿ


ಹಚ್ಚೊಳ್ಳಿ
9 ಜನವರಿ 2025

ತಂಗಿ ಜಯಶ್ರೀಗೆ,

ಉಚ್ಚೆಂಗೆಮ್ಮ ಶುಕ್ರವಾರ ಹೋದಳು.

ಮಂಡಿನೋವು ಎಂದು ಬರೆಯುತ್ತಿದ್ದೆ. ಅದು ಹೊಟ್ಟೆಯಲ್ಲಿನ ಗಡ್ಡೆ. ಪುಸ್ತಕ ಅಚ್ಚಿಗೆ ಕೊಡುವ ಮೊದಲೇ ಡಾಕ್ಟರು ಕೈ ಚೆಲ್ಲಿದ್ದರು. ನಾನು ಅಷ್ಟು ಆತುರ ಮಾಡಿದ್ದು, ಮುನ್ನುಡಿಗೆ ಕಾಯದೆ ಹೋದದ್ದು ಅದಕ್ಕೆ. ನಿಮಗೆ ಹೇಳಿದರೆ ಕನಿಕರಕ್ಕೆ ಸುಳ್ಳು ಸುದ್ದಿ ಬರೆದುಬಿಡುತ್ತೀರೇನೋ ಎಂದು ಹೇಳಲಿಲ್ಲ. ನಿಜವಾಗಿ ಯಾರಾದರೂ ಓದಿದ್ದಾರೆಯೇ ಎಂಬುದು ಅವಳಿಗೆ ಬೇಕಿತ್ತು. ಅದು ಸಿಕ್ಕಿತು. ನಿಮ್ಮ ಋಣ ದೊಡ್ಡದು.

ಈಗ ಒಂದೇ ಕೆಲಸ. ಹನ್ನೊಂದನೇ ದಿನದ ಕಾರ್ಯ ಸೋಮವಾರ. ನಮ್ಮಲ್ಲಿ ದಿವಸಕ್ಕೆ ಬಂದವರಿಗೆ ಸತ್ತವರ ಹೆಸರು ಕೊರೆಸಿದ ಸ್ಟೀಲ್ ಲೋಟ ಕೊಡುವುದು ರೂಢಿ. ಅವಳು ಕಡೆಯ ವಾರ ಹೇಳಿದಳು: “ಲೋಟ ಬ್ಯಾಡ. ಬೂದಿ ಹಾಕಿ ತಿಕ್ಕಿ ತಿಕ್ಕಿ ಹೆಸರು ಅಳಿಸಿ ಹೋಗ್ತೈತಿ. ನಮ್ಮ ಹುಡುಗ್ಯಾರಿಗೆ ಬುಕ್ಕು ಕೊಡು. ಅದರಾಗ ನನ್ನ ಹೆಸರು ಅಚ್ಚಾಗೈತಲ್ಲ.” ಹುಡುಗಿಯರು ಎಂದರೆ ನಾಟಿಯ ಗುಂಪಿನವರು. ಪುಕ್ಕಟೆ ಕೊಡಬೇಡಿ ಎಂದಿದ್ದಿರಿ, ಇದೊಂದು ಸಲ ಬಿಡಿ. ಐವತ್ತು ಪ್ರತಿ ಎಲ್ಲಿಂದಾದರೂ ಹೊಂದಿಸಿ, ಭಾನುವಾರದ ಒಳಗೆ ಜಡೆಪ್ಪನ ಕೈಗೆ ಕೊಡಿ. ಲೋಟ ತರಿಸಿಲ್ಲ. ನಿಮ್ಮನ್ನೇ ನಂಬಿದ್ದೇನೆ.

ಹೊನ್ನೂರಸ್ವಾಮಿ


ಗಾಂಧಿನಗರ, ಬಳ್ಳಾರಿ
12 ಜನವರಿ 2025

ಅಣ್ಣ,

ಈ ಕಾಗದದ ಜೊತೆ ಪುಸ್ತಕ ಇಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಆ ನರ್ಸ್ ಯಾರೂ ಇಲ್ಲ. ಮೇಷ್ಟ್ರುಗಳಿಲ್ಲ, ಜೀನ್ಸ್ ಘಟಕದ ಹುಡುಗಿಯರಿಲ್ಲ. ಜೂನಿನಲ್ಲಿ ಹೋದ ಆ ಒಂದು ಪ್ರತಿಯ ಮೇಲೆ ಇನ್ನೊಂದು ಹೋಗಲಿಲ್ಲ. ನೀವು ಮೇಲಿಂದ ಮೇಲೆ ಬರೆದು ಕೇಳಿದಾಗ, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವ ಎಲ್ಲ ಲೇಖಕರಂತೆ ಇವರೂ ಹೊಗಳಿಕೆಗೆ ಹಸಿದವರು ಅಂದುಕೊಂಡೆ. ಪೀಡೆ ಕಳೆಯಲಿ ಎಂದು ನರ್ಸನ್ನು ಹುಟ್ಟಿಸಿದೆ. ಯಾವ ಜಾಗ ಎಂದು ಅಮ್ಮ ಕೇಳಿದ ಮೇಲೆ ಉತ್ತರ ಬೇಕಲ್ಲ, ಅದಕ್ಕೆ ಪುಸ್ತಕ ತೆರೆದೆ. ಏಳನೇ ಅಧ್ಯಾಯ ಓದಿ ನಿದ್ದೆ ಬಾರದೆ ಇದ್ದವಳು ನಾನು. ಎರಡು ಸಲ ಓದಿದವಳು ನಾನು. ಅತ್ತಳೇ ಎಂದು ಕೇಳಿದವಳೂ ನಾನೇ. ನರ್ಸ್ ಹೇಳಿದಳೆಂದು ಬರೆದದ್ದೂ ನನ್ನದೇ ಮಾತು, ಲೇಖಕರ ಹೆಸರು ಬರೆದುಕೊಂಡು ಮುಂದಿನ ಪುಸ್ತಕಕ್ಕೆ ಹೋಗುವವಳು ನಾನು.

ಆಸ್ಪತ್ರೆಯಲ್ಲಿ ಅಮ್ಮ ನರ್ಸುಗಳ ಕೈ ಹಿಡಿದರೆಂದು ಓದಿದ ಮೇಲೆ, ಹೇಗಾದರೂ ಮಾಡಿ ಈ ಸುಳ್ಳನ್ನು ನಿಜ ಮಾಡಬೇಕೆಂದು ಹಟ ಹುಟ್ಟಿತು. ಆಗ ಕುರುಗೋಡಿನ ಶೇಖರ್ ಎಂಬವರು ಬಂದರು, ಹತ್ತಿ ವ್ಯಾಪಾರದವರು. ಅವರ ತಾಯಿ ಚನ್ನಬಸಮ್ಮನವರ ವರ್ಷದ ಪುಣ್ಯಸ್ಮರಣೆ. “ಡಬ್ಬಿ ಎಲ್ಲಾರೂ ಕೊಡ್ತಾರ್ರೀ, ನಾವು ಪುಸ್ತಕ ಕೊಡಬೇಕಂತ ಮಾಡೀವಿ. ಹೆಣ್ಣುಮಕ್ಕಳ ದುಡಿಮಿ ಮ್ಯಾಲಿಂದು ಯಾವುದಾರ ಐತೇನ್ರಿ?” ಎಂದರು. ‘ನೆಟ್ಟ ಕೈ’ ತೋರಿಸಿದೆ. ಮುಖಪುಟದ ಹಸಿರು ಅವರಿಗೆ ಹಿಡಿಸಿತು. ಒಳಗೆ ಒಂದು ಸಾಲೂ ಓದಲಿಲ್ಲ, ಅರ್ಪಣೆಯ ಪುಟ ಒಂದನ್ನು ಬಿಟ್ಟು. “ನಮ್ಮವ್ವನ ಸ್ಮರಣಿ ದಿನ ಬ್ಯಾರೆ ಹೆಣ್ಣುಮಗಳ ಹೆಸರು ಇರೋ ಪುಸ್ತಕ ಹೆಂಗ ಕೊಡಾಕ ಬರ್ತೈತ್ರಿ?” ಎಂದರು.

ಅದರ ಮೇಲೆ ಚನ್ನಬಸಮ್ಮನವರ ಫೋಟೋ ಅಂಟಿಸಿಕೊಡುತ್ತೇನೆ ಎಂದವಳು ನಾನೇ. ಅವರು ಕೇಳಿರಲಿಲ್ಲ. ಎಲ್ಲ ಪ್ರತಿಗಳಿಗೂ ನನ್ನ ಕೈಯಾರೆ ಗೋಂದು ಹಚ್ಚಿ ಅಂಟಿಸಿದೆ. ಅಮ್ಮ ಕಳಿಸಿದ ಪ್ರತಿ ಯಾವುದೆಂದು ನೋಡಲಿಲ್ಲ, ಅದೂ ಅದರಲ್ಲೇ ಹೋಗಿದೆ. ಉಚ್ಚೆಂಗೆಮ್ಮನವರ ಹೆಸರಿನ ಮೇಲೆ ಒಬ್ಬ ಸತ್ತವರ ಫೋಟೋ ಒತ್ತುವಾಗ, ಅವರು ಮಲಗಿದ್ದು ಮಂಡಿನೋವಿಗೆ ಎಂದೇ ನಂಬಿದ್ದೆ. ಇಲ್ಲ, ಇದೂ ಪೂರ್ತಿ ನಿಜವಲ್ಲ. ಅನುಮಾನ ಇತ್ತು. ನಿಜ ಬರೆಯಿರಿ ಎಂದು ಅದಕ್ಕೇ ಕೇಳಿದ್ದೆ. ನಿಮ್ಮ ಉತ್ತರ ಬರುವ ಮೊದಲೇ ಗೋಂದು ತಂದಿದ್ದೆ.

ನಿನ್ನೆ ಕುರುಗೋಡಿಗೆ ಹೋಗಿದ್ದೆ. ಆ ಮನೆಯ ಸೊಸೆ ನಾಗಲಕ್ಷ್ಮಿ ಒಳ್ಳೆಯವರು, ಹಂಚಿ ಮಿಕ್ಕಿದ್ದ ಒಂದಿಷ್ಟನ್ನು ಮೆಟ್ಟಿಲ ಕೆಳಗಿನಿಂದ ತೆಗೆದುಕೊಟ್ಟರು. ಒದ್ದೆ ಬಟ್ಟೆ ಇಟ್ಟು, ಹಬೆ ಹಿಡಿದು ಫೋಟೋ ಬಿಡಿಸಿದೆ. ಅಡಿಯ ಕಾಗದವೂ ಕಿತ್ತು ಬಂತು, ಹೆಸರು ಅದರ ಜೊತೆಗೇ ಬಂತು. ಒಂದರಲ್ಲೂ ಉಳಿಯಲಿಲ್ಲ. ಅಂಥದ್ದನ್ನು ಕಳಿಸಲು ಮನಸ್ಸು ಬರಲಿಲ್ಲ. ಪ್ರೆಸ್ಸಿನವರು ಸಂಕ್ರಾಂತಿ ಕಳೆಯಲಿ ಎಂದರು, ಕಾಲು ಹಿಡಿದರೂ ಒಪ್ಪಲಿಲ್ಲ.

ಎರಡನೇ ಮುದ್ರಣ ನನ್ನ ಖರ್ಚಿನಲ್ಲಿ ಮಾಡಿಸುತ್ತೇನೆ, ತಿಂಗಳ ಕಾರ್ಯಕ್ಕೆ ತಲುಪಿಸುತ್ತೇನೆ. ಅರ್ಪಣೆಯ ಪುಟದಲ್ಲಿ ಅಮ್ಮನ ಹೆಸರು ದೊಡ್ಡದಾಗಿ ಹಾಕುತ್ತೇನೆ. ನಾಳೆ ನಾನೇ ಬರಬೇಕಿತ್ತು. ಧೈರ್ಯವಿಲ್ಲ. ಬೈದು ಬರೆಯಿರಿ.

ಜಯಶ್ರೀ


ಹಚ್ಚೊಳ್ಳಿ
28 ಜನವರಿ 2025

ಜಯಶ್ರೀ,

ನಿಮ್ಮ ಕಾಗದ ಸೋಮವಾರ ಬೆಳಿಗ್ಗೆ ತಲುಪಿತು. ಅಡಿಗೆಗೆ ಒಲೆ ಹಚ್ಚಿದ್ದರು. ಬಸ್ ಸ್ಟಾಪಿನಲ್ಲೇ ನಿಂತು ಓದಿದೆ. ಜಡೆಪ್ಪ ನನ್ನ ಮುಖ ನೋಡಿ ಬಸ್ಸು ಬಿಡಲಿಲ್ಲ, ನಾನೇ ಹೋಗು ಎಂದು ಕೈ ಮಾಡಿದೆ.

ಬೈಯಬೇಕೆಂದು ಹದಿನೈದು ದಿನದಿಂದ ಕೂತು ಏಳುತ್ತಿದ್ದೇನೆ. ನಿಮ್ಮ ಮೇಲೆ ಸಿಟ್ಟಿದೆ, ಅದನ್ನು ಮುಚ್ಚುವುದಿಲ್ಲ. ಗೋಂದು ಹಚ್ಚಿದ ಕೈಯ ಮೇಲೆ ಬಹಳ ಸಿಟ್ಟಿದೆ. ಆದರೆ ನೀವು ನಿಜ ಬರೆದಿದ್ದರೆ ಅವಳು ಆ ಗದ್ದೆಗೆ ಒಬ್ಬಳೇ ಹೋಗಿ ಅತ್ತ ಮಾತು ನನಗೆ ಗೊತ್ತಾಗದೇ ಹೋಗುತ್ತಿತ್ತು. ಓದಿದವರು ಒಬ್ಬರಿದ್ದರು ಎಂಬುದೂ ಸುಳ್ಳಲ್ಲ. ಹೀಗೆ ಒಂದು ಕಡೆ ಹೇಳಿಕೊಂಡು ಸಮಾಧಾನವಾಗುವಷ್ಟರಲ್ಲಿ, ಅವಳು ವಾರ್ಡಿನಲ್ಲಿ ನರ್ಸುಗಳ ಕೈ ಹಿಡಿದದ್ದು ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಬೈಯಲೂ ಆಗಲಿಲ್ಲ, ಕ್ಷಮಿಸಲೂ ಆಗಲಿಲ್ಲ.

ಅವತ್ತು ಗುಂಪಿನ ಹೆಂಗಸರೆಲ್ಲ ಬಂದರು. ಉಂಡರು. ಹೋಗುವ ಹೊತ್ತಿಗೆ ಯಾರೂ ಏಳಲೊಲ್ಲರು. ಕಡೆಗೆ ಸರೋಜಾ ಎಂಬವಳು, ಇವಳ ನಂತರ ಈಗ ಗುಂಪು ನಡೆಸುವವಳು, ಹತ್ತಿರ ಬಂದು ನನಗೆ ಕೇಳುವಂತೆ ಜೋರಾಗಿ ಅಂದಳು: “ಅಣ್ಣ, ಅಕ್ಕ ಬುಕ್ಕು ಕೊಡ್ತಾರಂತ ಹೇಳಿದ್ಳು.” ಎಲ್ಲರೂ ನನ್ನ ಕಡೆ ನೋಡಿದರು. ಕೈಯಲ್ಲಿ ಲೋಟವೂ ಇಲ್ಲ, ಪುಸ್ತಕವೂ ಇಲ್ಲ. ನಿಜ ಹೇಳಬೇಕೆಂದೇ ಬಾಯಿ ತೆರೆದೆ. “ಎಲ್ಲಾ ಮಾರಿ ಹೋಗ್ಯಾವು. ಬಳ್ಳಾರ್‍ಯಾಗೂ ಒಂದೂ ಉಳಿದಿಲ್ಲಂತ” ಎಂದುಬಿಟ್ಟೆ.

ಜಯಶ್ರೀ, ಅವರು ಕುಣಿಯುವುದೊಂದು ಬಾಕಿ. ದಿವಸದ ಮನೆ ಎಂಬುದನ್ನೂ ಮರೆತರು. “ಹೌದೇನಣ್ಣ? ಒಂದೂ ಇಲ್ಲೇನು? ಅಕ್ಕ ಅಂದ್ರ ಸುಮ್ನೇನು!” ಎಂದು ಸರೋಜಾ ಎದೆ ಬಡಿದುಕೊಂಡು ಅಳುತ್ತಲೇ ನಕ್ಕಳು. ಆದೋನಿ ಕಡೆಯಿಂದ ಬಂದ ಮುದುಕಿಯೊಬ್ಬಳು “ಅನ್ನೀ ಅಯಿಪೋಯಿನಾಯಾ?” ಎಂದು ತೆಲುಗಿನಲ್ಲಿ ಮತ್ತೆ ಮತ್ತೆ ಕೇಳಿ, ಎಲ್ಲ ಮುಗಿದಿವೆ ಎಂದು ಖಾತ್ರಿ ಮಾಡಿಕೊಂಡು ಇವಳ ಫೋಟೋಕ್ಕೆ ಕೈ ಮುಗಿದಳು. ಈಗ ಊರಲ್ಲಿ, ಗದ್ದೆಯಲ್ಲಿ, ಸಿರುಗುಪ್ಪದ ಸಂತೆಯಲ್ಲಿ ಅದೇ ಮಾತು. ನಮ್ಮ ಉಚ್ಚೆಂಗಕ್ಕನ ಬುಕ್ಕು ಹುಡುಕಿದರೂ ಸಿಗುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಾರೆ. ಅವಳ ಹೆಸರು ಅವರ ಕೈಗೆ ಬರಲಿಲ್ಲ, ಬಾಯಿಗೆ ಬಂದಿದೆ.

ಆದ್ದರಿಂದ ಎರಡನೇ ಮುದ್ರಣ ಬೇಡ. ಅಚ್ಚಾದರೆ ಮತ್ತೆ ನಿಮ್ಮ ಅಂಗಡಿಯಲ್ಲಿ ಗೈಡುಗಳ ಹಿಂದೆ ಕೂಡುತ್ತವೆ, ಅದು ನಿಮಗೂ ಗೊತ್ತು ನನಗೂ ಗೊತ್ತು. ನಮ್ಮೂರಿನವರು ಯಾರಾದರೂ ಆಸ್ಪತ್ರೆಗೋ ಕೋರ್ಟಿಗೋ ಬಳ್ಳಾರಿಗೆ ಬಂದವರು ಒಳಗೆ ಇಣುಕಿ, ಧೂಳು ಹಿಡಿದ ಕಟ್ಟು ನೋಡಿದರೆ ಮುಗಿಯಿತು. ಅವಳು ಹೋದಳು, ಅದನ್ನು ತಡೆದುಕೊಂಡಿದ್ದೇನೆ. ಅವಳ ಪುಸ್ತಕ ಯಾರಿಗೂ ಬೇಡವಾಗಿತ್ತು ಎಂಬುದು ಆ ಹೆಂಗಸರಿಗೆ ತಿಳಿದರೆ ತಡೆದುಕೊಳ್ಳಲಾರೆ. ಗ್ರಂಥಾಲಯದ ಅರ್ಜಿಯನ್ನೂ ಹಿಂದಕ್ಕೆ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿರುವುದನ್ನು ಅಳಿಸಿ. ಯಾರಾದರೂ ಕೇಳಿದರೆ ಪ್ರತಿಗಳು ಮುಗಿದಿವೆ ಎನ್ನಿ. ಕೇಳುವವರು ಇರುವುದಿಲ್ಲ, ಆದರೂ ಹೇಳಿರುತ್ತೇನೆ.

ಕುರುಗೋಡಿನಿಂದ ನೀವು ತಂದ ಪ್ರತಿಗಳಿವೆಯಲ್ಲ, ಅವನ್ನು ರದ್ದಿಗೆ ಹಾಕಬೇಡಿ. ಬಳ್ಳಾರಿಯ ರದ್ದಿ ಸಿರುಗುಪ್ಪದ ಮಿರ್ಚಿ ಬಜ್ಜಿ ಅಂಗಡಿಗಳಿಗೆ ಪೊಟ್ಟಣ ಕಟ್ಟಲು ಬರುತ್ತದೆ, ನಮ್ಮ ಹೆಂಗಸರು ಸಂತೆಯ ದಿನ ಅಲ್ಲೇ ನಿಂತು ತಿನ್ನುತ್ತಾರೆ. ಅವರ ಮನೆಗಳಲ್ಲಿ ಓದುವ ಮಕ್ಕಳಿದ್ದಾರೆ. ಸುಟ್ಟುಬಿಡಿ.

ಹೊನ್ನೂರಸ್ವಾಮಿ